ಪುರಾಣದ ರಟ್ಟಿನೊಳಗೆ ದೆವ್ವದ ಕಥೆ

ಹೊರಮಾವಿನ ಮುನಿರಾಜಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಆಯುಸ್ಸು ಸವೆಸಿ ನಿವೃತ್ತನಾದವನು. ಅವನಿಗಿದ್ದದ್ದು ಒಂದೇ ಹುಚ್ಚು, ಗುಂಡ್ಲಹಳ್ಳಿ ಶೇಷಯ್ಯ ಎಂಬ ಹಳೆಯ ಲೇಖಕರ ದೆವ್ವದ ಕಥೆಗಳು. ಶೇಷಯ್ಯನವರು ದೆವ್ವವನ್ನು ತೋರಿಸುವವರೇ ಅಲ್ಲ. ತೀರಿಹೋದ ಅತ್ತೆಯ ಎಲೆಯಡಿಕೆ ಚೀಲದಲ್ಲಿ ಬೆಳಿಗ್ಗೆ ಒಂದು ಎಲೆ ಕಡಿಮೆಯಾಗಿರುತ್ತದೆ, ಅಷ್ಟೇ. ಓದುವವನ ಮೈ ಜುಮ್ಮೆನ್ನುತ್ತದೆ.

ಸೊಸೆ ಪೂಜಿತಾ ಬಸುರಿಯಾದಾಗ ಹೆಂಡತಿ ಮುನಿಲಕ್ಷ್ಮಮ್ಮ ಕಟ್ಟಪ್ಪಣೆ ಮಾಡಿದಳು. “ಆ ದೆವ್ವದ ಪುಸ್ತಕ ಮನೇಲಿರ್ಬಾರ್ದು ರೀ. ಗಾಳಿಗೀಳಿ ಸೋಕ್ಬಿಟ್ರೆ?”

ಮುನಿರಾಜಪ್ಪ ಹೂಂ ಎಂದ. ಎಂದವನೇ, ಗೆದ್ದಲು ತಿಂದ ಒಂದು ಪುರಾಣದ ರಟ್ಟು ಕಿತ್ತು ಶೇಷಯ್ಯನವರ ಪುಸ್ತಕಕ್ಕೆ ಅಂಟಿಸಿದ. ಹೆಂಡತಿಗೆ ಓದು ಬಾರದು. ರಟ್ಟಿನ ಮೇಲಿನ ದೇವರ ಚಿತ್ರ ನೋಡಿ, ಗಂಡನಿಗೆ ಕೊನೆಗಾಲಕ್ಕಾದರೂ ಭಕ್ತಿ ಬಂತಲ್ಲ ಎಂದು ಹಿಗ್ಗಿದಳು. ಸೊಸೆ ಒಮ್ಮೆ ಪುಟ ತಿರುವಿ ನೋಡಿ, ನಗು ತಡೆದುಕೊಂಡು ಸುಮ್ಮನಾದಳು.

ಮೊದಮೊದಲು ಅವನಿಗೂ ನಗುವೇ. ಆಮೇಲೆ ಹೆಂಡತಿ ದಿನಾ ಪುಸ್ತಕಕ್ಕೆ ಕುಂಕುಮವಿಟ್ಟು ಹೂವೇರಿಸತೊಡಗಿದಳು. ಮೊಮ್ಮಗಳು ಹುಟ್ಟಿ, ಅದಕ್ಕೆ ಜ್ವರ ಬಂದಾಗ ಪುಸ್ತಕವನ್ನು ತೊಟ್ಟಿಲಿನಲ್ಲಿಟ್ಟಳು. ಜ್ವರ ಬಿಟ್ಟಿತು. ಬೀದಿಗೆಲ್ಲ ಹೇಳಿಕೊಂಡು ಬಂದಳು. ಮುನಿರಾಜಪ್ಪ ನಾಚಿಕೆಯಿಂದ ಕುಗ್ಗಿಹೋದ. ನಿಜ ಹೇಳೋಣವೆಂದರೆ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಗೆಂದು ಓದುವುದನ್ನೇನೂ ಬಿಡಲಿಲ್ಲ, ಭಂಡ!

ಮುನಿಲಕ್ಷ್ಮಮ್ಮನ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಅವಳು ಕೈಕಾಲು ತೊಳೆದು ಬಂದು ಅವನೆದುರು ಕೂತಳು.

“ಭಯ ಆಗ್ತೈತೆ ರೀ. ಒಂದ್ ಅಧ್ಯಾಯ ಓದಿ, ಕೇಳ್ತೀನಿ.”

ಪುಸ್ತಕ ತೆರೆದರೆ ಎಲೆಯಡಿಕೆ ಚೀಲದ ಕಥೆಯೇ ಬಂತು. ಬಾಯಿಗೆ ಬಂದ ದೇವರ ಕಥೆ ಹೇಳಿ ಪಾರಾಗಬಹುದಿತ್ತು. ಆದರೆ ಅವಳು ಆಗಲೇ ಕಣ್ಣುಮುಚ್ಚಿ ಕೈಮುಗಿದಿದ್ದಳು. ಅವನಿಂದ ಆಗಲಿಲ್ಲ.

“ಇದು ಪುರಾಣ ಅಲ್ಲ ಕಣೆ. ಶೇಷಯ್ಯನವರ್ದೇ. ರಟ್ಟು ಮಾತ್ರ ದೇವ್ರದು. ತಪ್ಪಾಯ್ತು.”

ಬೈಗುಳಕ್ಕೆ ತಲೆತಗ್ಗಿಸಿ ಕಾದ. ಅವಳು ಬೈಯಲಿಲ್ಲ. ಮುಗಿದ ಕೈಗಳನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡಳು.

“ಪೂಜಿತಂಗೆ ಗೊತ್ತಾ?”

“ಗೊತ್ತು.”

“ಮಗಂಗೆ?”

ಅವನು ಹೌದೆಂದು ತಲೆಯಾಡಿಸಿದ.

“ಅಂದ್ರೆ ಮನೇಲಿ ಓದಕ್ಕೆ ಬರೋರ್ಗೆಲ್ಲ ಗೊತ್ತು,” ಎಂದಳು ಮುನಿಲಕ್ಷ್ಮಮ್ಮ.