ಬಲಗಡೆಯ ಎಸಳು

ದೇವಿಯ ಬಲಭುಜದ ಮೇಲಿದ್ದ ಗುಲಾಬಿ ಎಸಳು ಬೀಳದಂತೆ ಅದರ ಬೆನ್ನಿಗೆ ದೋಸೆ ಹಿಟ್ಟು ಹಚ್ಚಿದವಳು ನಾನು. ನನ್ನ ಮೈದುನನ ಸಂಸಾರ ಬೋಟ್ಸ್ವಾನಾಕ್ಕೆ ಹೋಗಿ ಶಾಲೆಯ ಕೆಲಸ ಹಿಡಿಯುವುದನ್ನು ತಪ್ಪಿಸಿದ್ದು ದೇವಿಯಲ್ಲ, ವಿಧಿಯಲ್ಲ, ಗ್ರಹಚಾರವೂ ಅಲ್ಲ — ಬೆರಳ ತುದಿಯಷ್ಟು ಹಿಟ್ಟು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೇಳದೇ ಇರುವುದು ಅಷ್ಟೇನೂ ಕಷ್ಟವಾಗಲಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಎದೆ ಸುಡುತ್ತಿತ್ತು, ಊಟ ಸೇರುತ್ತಿರಲಿಲ್ಲ ಎಂದೆಲ್ಲ ಬರೆದರೆ ಅದು ಇನ್ನೊಂದು ಸುಳ್ಳು. ಊಟವೂ ಸೇರಿತು, ನಿದ್ದೆಯೂ ಬಂತು.

ನಮ್ಮದು ದೆಹಲಿಯ ಜನಕಪುರಿಯಲ್ಲಿ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ಮಾವ ಕಟ್ಟಿದ್ದು, ಈಗ ನನ್ನ ಗಂಡ ನಡೆಸುವುದು. ಕೆಳಗೆ ಹೋಟೆಲು, ಮೇಲೆ ಮನೆ. ನಾನು ದೊಡ್ಡ ಸೊಸೆ. ಅಂದರೆ ಹಿಟ್ಟು, ಚಟ್ನಿ, ಅತ್ತೆಯ ಮೊಣಕಾಲು ನೋವು, ದೇವರ ಪೂಜೆ ಇವೆಲ್ಲ ನನ್ನ ಪಾಲು. ಮೈದುನ ಗುರು ಗಣಿತದ ಮೇಷ್ಟ್ರು. ಅವನ ಹೆಂಡತಿ ವಿನುತಾ, ನನ್ನ ಓರಗಿತ್ತಿ, ಫಿಸಿಕ್ಸ್ ಟೀಚರು. ಇಬ್ಬರೂ ಒಂದೇ ಪ್ರೈವೇಟ್ ಶಾಲೆಯಲ್ಲಿದ್ದರು. ಆ ಶಾಲೆಯ ಗೇಟು ಅರಮನೆಯದು, ಕೊಡುವ ಸಂಬಳ ಕಾವಲುಗಾರನದು. ಭಾನುವಾರವೂ ಕರೆಸಿ ಗೋಡೆಗೆ ಬಣ್ಣದ ಕಾಗದ ಅಂಟಿಸಿ ಅನ್ನುತ್ತಿದ್ದರು. ಎಂ.ಎಸ್ಸಿ. ಮಾಡಿದ ಈ ಇಬ್ಬರು ಕತ್ತರಿ ಹಿಡಿದು ಹೂವು, ಚಿಟ್ಟೆ ಕತ್ತರಿಸುತ್ತ ಕೂರುತ್ತಿದ್ದರು. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ಇವರಲ್ಲಿ ಆ ಒಕ್ಕಾಲು ಮಾತ್ರ ಇತ್ತು ಎಂದು ನಾನು ಗಂಡನ ಹತ್ತಿರ ನಗುತ್ತಿದ್ದೆ. ನನಗೆ ಅವರನ್ನು ಕಂಡರೆ ತಾತ್ಸಾರ. ಮುಚ್ಚಿಡುವುದೇನಿದೆ.

ಬೋಟ್ಸ್ವಾನಾದಲ್ಲಿ ವಿನುತಾಳ ಕಾಲೇಜಿನ ಗೆಳತಿಯೊಬ್ಬಳು ಟೀಚರಾಗಿದ್ದಳು. ಅವಳ ಶಾಲೆಗೆ ಗಣಿತಕ್ಕೊಬ್ಬರು, ಫಿಸಿಕ್ಸಿಗೊಬ್ಬರು ಬೇಕಾಗಿದ್ದರು. ಕಂಪ್ಯೂಟರಿನ ಮುಂದೆ ಕೂತು ಇಬ್ಬರೂ ಪಾಠ ಮಾಡಿ ತೋರಿಸಿದರು, ಇಬ್ಬರನ್ನೂ ಆರಿಸಿದರು. ಇರಲು ಮನೆ, ಮಗಳು ಅದಿತಿಗೆ ಅಲ್ಲೇ ಓದು. ಆಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಅಮೆರಿಕವಲ್ಲ, ಲಂಡನ್ನಲ್ಲ, ಮ್ಯಾಪಿನಲ್ಲಿ ಬೆರಳಿಟ್ಟು ತೋರಿಸಬೇಕಾದ ಊರು — ಅದಕ್ಕೇ ಇಷ್ಟು ಹಾರಾಟ. ವಿನುತಾ ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋಗಿ ಅಂಗಡಿಯ ಭಯ್ಯಾಗಳ ಜೊತೆ ಜಗಳವಾಡಿ ಕಾಟನ್ ಕುರ್ತಾಗಳ ಗಂಟು ಹೊತ್ತು ತಂದಳು. ಅದಿತಿ ಆಗ ಚಿಕ್ಕವಳು. "ದೊಡ್ಡಮ್ಮಾ, ಅಲ್ಲಿ ಸಡಕ್ ಮೇಲೆ ಹಾಥಿ ಬರ್ತದಂತೆ, ಸಚ್ಚೀ," ಎಂದು ಅರ್ಧ ಹಿಂದಿಯಲ್ಲಿ ರಸ್ತೆಗೆ ಬರುವ ಆನೆಯ ಸುದ್ದಿ ಹೇಳುತ್ತ ನನ್ನ ಸೆರಗು ಹಿಡಿದು ತಿರುಗುತ್ತಿದ್ದಳು.

ನನ್ನ ಹೊಟ್ಟೆ ಉರಿದದ್ದು ಇದಕ್ಕೆಲ್ಲ ಅಲ್ಲ. ಒಂದು ಮಧ್ಯಾಹ್ನ ವಿನುತಾ ಅಡುಗೆಮನೆಗೆ ಬಂದು, "ಅಕ್ಕ, ನೀವು ಒಂದು ತಿಂಗಳು ಬಂದು ನಮ್ಮಲ್ಲಿ ಇರ್ಬೇಕು. ಒಂದು ಲೋಟವೂ ತೊಳೀಬಾರ್ದು. ಸುಮ್ಮನೆ ಕೂತ್ಕೊಳ್ಬೇಕು," ಅಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನನ್ನನ್ನು ಕೂರಿಸಲು ಇವಳು ಯಾರು — ಚಟ್ನಿಗೆ ಒಗ್ಗರಣೆ ಹಾಕಲು ಬಾರದವಳು ನನಗೆ ಬಿಡುವು ಕೊಡುತ್ತಾಳಂತೆ. ಅವಳು ಒಂದು ದಿನವೂ ನನ್ನನ್ನು ಕೀಳಾಗಿ ಕಂಡವಳಲ್ಲ. ಕಂಡಿದ್ದರೆ ಜಗಳವಾಡಿ ಮುಗಿಸುತ್ತಿದ್ದೆನೋ ಏನೋ.

ಅತ್ತೆಗೆ ಇವರು ಹೋಗುವುದು ಬೇಡವಾಗಿತ್ತು. ಬಾಯಿಬಿಟ್ಟು ಬೇಡ ಅನ್ನಲೂ ಆಗದೆ, "ಅಲ್ಲಿ ತೆಂಗಿನಕಾಯಿ ಸಿಗ್ತದಾ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಗುರು ಎಂದಿನಂತೆ ಅತ್ತ ದರಿ ಇತ್ತ ಪುಲಿ. "ಅಮ್ಮ ಹೂಂ ಅಂದ್ರೆ ಹೋಗುವ," ಅಂದ. "ಹೂಂ ಅನ್ಲಿಕ್ಕೆ ನಾನ್ಯಾರು? ದೇವಿ ಹತ್ರ ಪ್ರಸಾದ ಕೇಳುವ," ಅಂದರು ಅತ್ತೆ.

ಪ್ರಸಾದ ಕೇಳುವುದೆಂದರೆ ಇಷ್ಟೆ. ದೇವಿಯ ಬೆಳ್ಳಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಎಸಳು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ದೇವಿ ಹೂಂ ಅಂದಳು. ಎಡಗಡೆಯದು ಬಿದ್ದರೆ ಬೇಡ ಅಂದಳು. ನಮ್ಮ ಮನೆಯಲ್ಲಿ ಮದುವೆ, ಮನೆ, ಹೋಟೆಲಿನ ಹೊಸ ಫ್ರಿಜ್ಜು, ಎಲ್ಲವೂ ಹೀಗೇ ಆದದ್ದು.

"ಆಯ್ತು ಅತ್ತೆ. ಅಕ್ಕನ ಕೈಯಲ್ಲೇ ಕೇಳಿಸುವ," ಅಂದಳು ವಿನುತಾ. "ಅಕ್ಕನಿಗೆ ನಾವು ಹೋದ್ರೂ ಒಂದೇ, ಇದ್ರೂ ಒಂದೇ."

ಆಮೇಲೆ ಅವಳೊಬ್ಬಳೇ ಸಿಕ್ಕಾಗ ಚುಚ್ಚಿದೆ. "ನೀನು ಫಿಸಿಕ್ಸ್ ಕಲಿಸುದಲ್ವಾ ಮಾರಾಯ್ತಿ? ಹೂವು ಯಾಕೆ ಬೀಳ್ತದೆ ಅಂತ ಮಕ್ಕಳಿಗೆ ಎಂತ ಹೇಳ್ತಿ?"

ಅವಳು ನಕ್ಕಳು. "ನೀರು ಒಣಗಿದ್ರೆ ಬೀಳ್ತದೆ ಅಕ್ಕ. ಯಾವುದೋ ಒಂದು ಬೇಗ ಒಣಗ್ತದೆ, ಅಷ್ಟೇ. ಅತ್ತೆಗೊಂದು ಸಮಾಧಾನ."

"ಎಡಗಡೆಯದು ಬಿದ್ರೆ?"

"ಬಿದ್ರೂ ಹೋಗುದೇ. ಅತ್ತೆಯನ್ನ ಹೇಗಾದ್ರೂ ಒಪ್ಪಿಸ್ತೇನೆ. ನಂಗೆ ಹೋಗ್ಬೇಕು ಅಂತ ಉಂಟು ಅಕ್ಕ."

ಆ ಮಾತು ಹೇಳುವಾಗ ಅವಳ ಮುಖದಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ. ತನಗೇನು ಬೇಕು ಎಂದು ಅಷ್ಟು ನೇರವಾಗಿ ಹೇಳಬಲ್ಲ ಹೆಂಗಸು ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನಗೆ ಅದನ್ನು ಸಹಿಸಲಾಗಲಿಲ್ಲ — ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಸಿಗಲಿಲ್ಲ. ಹೊಟ್ಟೆಕಿಚ್ಚು. ಅಷ್ಟೇ.

ಶುಕ್ರವಾರ ಬೆಳಿಗ್ಗೆ ಮಡಿಯುಟ್ಟು ಪೂಜೆಗೆ ಹೋಗುವಾಗ, ರುಬ್ಬಿಟ್ಟ ಹಿಟ್ಟಿನಿಂದ ಬೆರಳ ತುದಿಯಷ್ಟು ತೆಗೆದುಕೊಂಡೆ. ಉಪ್ಪು ಹಾಕದ ಹಿಟ್ಟೇ ಆಗಬೇಕಿತ್ತು, ದೇವಿಗೆ ಮೈಲಿಗೆಯಾಗಬಾರದಲ್ಲ. ಮೋಸ ಮಾಡಲು ಹೊರಟವಳ ಶಾಸ್ತ್ರ ನೋಡಿ. ಬಲಗಡೆಯ ಎಸಳಿಗೆ ಹಿಟ್ಟು, ಎಡಗಡೆಯದಕ್ಕೆ ಬರೀ ನೀರು. ಒಣಗಿದ ದೋಸೆ ಹಿಟ್ಟು ಎಷ್ಟು ಗಟ್ಟಿ ಹಿಡಿಯುತ್ತದೆ ಎಂದು ಪಾತ್ರೆ ತಿಕ್ಕಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲರೂ ಕೈಮುಗಿದು ಕೂತರು. ಎಡಗಡೆಯದು ಬಿತ್ತು. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿದಿತ್ತು. ಅತ್ತೆ ಅಳುತ್ತಾರೆ, ಗುರು ಹೆದರುತ್ತಾನೆ, ವಿನುತಾ ವಾದಿಸುತ್ತಾಳೆ, ಅವಳು ಗೆದ್ದರೆ ಗೆಲ್ಲಲಿ ಎಂದುಕೊಂಡಿದ್ದೆ. ಆದರೆ ಬಲಗಡೆಯದು ಬೀಳಲೇ ಇಲ್ಲ. ಮಧ್ಯಾಹ್ನವಾಯಿತು, ಫ್ಯಾನು ತಿರುಗುತ್ತಿತ್ತು, ಎಸಳು ಬಾಡಿ ಅಂಚು ಕಪ್ಪಾಗಿ ಸುರುಟಿಕೊಂಡಿತು. ಆದರೂ ಅದು ದೇವಿಯ ಭುಜ ಬಿಡಲಿಲ್ಲ. ವಿನುತಾ ಬಂದು ಬಂದು ನೋಡಿದಳು. ಮರುದಿನ ಶಾಲೆಗೆ ಹೋಗುವ ಮುಂಚೆ ಮತ್ತೆ ಬಂದು ನಿಂತಳು. ಬೆರಳಿನಿಂದ ಒಮ್ಮೆ ಮುಟ್ಟಿದ್ದರೆ ಸಾಕಿತ್ತು. ಮುಟ್ಟಲಿಲ್ಲ. ವಿಗ್ರಹ ಮುಟ್ಟುವವಳು ನಾನೊಬ್ಬಳೇ ಎಂಬುದು ಮನೆಯ ರಿವಾಜು, ಅದನ್ನು ಮೀರಿದವಳಲ್ಲ ಅವಳು. ಇಡೀ ದಿನ ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸುವವಳು ಒಂದು ಎಸಳನ್ನು ಮುಟ್ಟಿ ನೋಡಲಿಲ್ಲ. ಹಿಂದೆ ನಿಂತು ನಾನು ಮನಸ್ಸಿನಲ್ಲೇ ನಕ್ಕೆ. ಹೌದು, ನಕ್ಕೆ.

ಅತ್ತೆ ಅವಳ ತಲೆ ಸವರಿ ಹೇಳಿದರು: "ನೋಡು ಮಗಾ, ದೇವಿ ಬಲಗೈಯಲ್ಲೇ ಹಿಡ್ಕೊಂಡು ಕೂತಿದ್ದಾಳೆ. ನಿಮ್ಮನ್ನ ಬಿಡುದಿಲ್ಲ ಅಂತಾಳೆ."

ವಿನುತಾ ವಾದಿಸಲಿಲ್ಲ. ನೀರು ಒಣಗಿದರೆ ಬೀಳುತ್ತದೆ ಅಂದವಳ ಲೆಕ್ಕ ಆ ಬೀಳದ ಎಸಳಿನ ಮುಂದೆ ಸೋತಿತ್ತು. ಅವಳೇ ಗೆಳತಿಗೆ ಫೋನು ಮಾಡಿ ಬರುವುದಿಲ್ಲ ಅಂದಳು. ಸಂಜೆ ನಾನು ಒದ್ದೆ ಬಟ್ಟೆಯಿಂದ ದೇವಿಯ ಭುಜ ಒರೆಸಿ, ಉಳಿದದ್ದನ್ನು ಉಗುರಿನಿಂದ ಕೆರೆದು ತೆಗೆದೆ.

ಆಮೇಲಿನದು ಹೇಳಿಕೊಳ್ಳುವಂಥ ಕತೆಯಲ್ಲ. ಶಾಲೆ ಗುರುವನ್ನು ತೆಗೆದುಹಾಕಿತು. ಅವನೀಗ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ, ಗಿರಾಕಿಗಳ ಮಕ್ಕಳಿಗೆ ಬಿಲ್ಲಿನ ಹಿಂದೆ ಲೆಕ್ಕ ಬಿಡಿಸಿ ಕೊಡುತ್ತಾನೆ. ವಿನುತಾ ಫರೀದಾಬಾದಿನ ಕೋಚಿಂಗ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ಕಾಲು ಊದಿಸಿಕೊಂಡು ಬರುತ್ತಾಳೆ. ಇದೆಲ್ಲ ದೆಹಲಿಯಲ್ಲಿ ಸಾವಿರ ಮನೆಯಲ್ಲಿದೆ ಎಂದು ನಾನು ನನಗೇ ಹೇಳಿಕೊಂಡೆ. ಹೇಳಿಕೊಳ್ಳಲಾಗದ್ದು ಇನ್ನೊಂದು. ಆ ಎಸಳಿನ ನಂತರ ವಿನುತಾ ಎಲ್ಲದಕ್ಕೂ ಪ್ರಸಾದ ಕೇಳತೊಡಗಿದಳು. ಕೆಲಸ ಬದಲಿಸಲು, ಅದಿತಿ ಸೈನ್ಸ್ ತೆಗೆದುಕೊಳ್ಳಬೇಕೇ ಕಾಮರ್ಸೇ ಎಂದು ನೋಡಲು, ಕೊನೆಗೆ ಗರ್ಭಕೋಶದ ಆಪರೇಷನ್ನಿಗೂ. ಪ್ರತಿ ಸಲ, "ನೀವೇ ಕೇಳಿ ಅಕ್ಕ, ನಿಮ್ಮ ಕೈಯಲ್ಲಿ ಸುಳ್ಳಾಗುದಿಲ್ಲ." ನಾನು ಅಂಟಿಸಿದೆ, ಬರೀ ನೀರು ಮುಟ್ಟಿಸಿ. ಮತ್ತೆ ಒಮ್ಮೆಯೂ ಹಿಟ್ಟು ಹಚ್ಚಲಿಲ್ಲ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಥೂ, ನನ್ನ ಪ್ರಾಮಾಣಿಕತೆಗೆ.

ಅತ್ತೆ ಈಗಿಲ್ಲ. ಹೋದ ವಾರ ಬೋಟ್ಸ್ವಾನಾದ ಆ ಗೆಳತಿ ಮತ್ತೆ ಫೋನು ಮಾಡಿದಳು. ಅದೇ ಶಾಲೆ, ಈಗಲೂ ಇಬ್ಬರಿಗೂ ಕೆಲಸವಿದೆ, ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಗುರು "ನೀನು ಹೇಳಿದ ಹಾಗೆ" ಅಂದ. ವಿನುತಾ ನನ್ನ ಹತ್ತಿರ ಬಂದಳು. "ಒಮ್ಮೆ ಬೇಡ ಅಂದ ದೇವಿ ಈಗ ಹೂಂ ಅಂತಾಳಾ ಅಕ್ಕ? ಶುಕ್ರವಾರ ಕೇಳಿ ನೋಡಿ."

ಶುಕ್ರವಾರ ಬೆಳಿಗ್ಗೆ ಅವಳು ಕ್ಲಾಸಿಗೆ ಹೊರಡುವ ಬ್ಯಾಗು ಹೆಗಲಿಗೆ ಹಾಕಿಕೊಂಡೇ ದೇವರ ಮುಂದೆ ನಿಂತಿದ್ದಳು. ನಾನು ಎಸಳು ಕೈಗೆತ್ತಿಕೊಂಡೆ, ಕೆಳಗಿಟ್ಟೆ, ಹೇಳಿದೆ. ಹಿಟ್ಟು ಹಚ್ಚಿದ್ದು, ಯಾಕೆ ಹಚ್ಚಿದ್ದು, ಅವಳು ನೋಡುತ್ತ ನಿಂತಾಗ ನಾನು ನಕ್ಕಿದ್ದು, ಎಲ್ಲವನ್ನೂ. ತಪ್ಪಾಯಿತು ಅಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಆ ಮಾತಿಗೆ ಏನು ಬೆಲೆ.

ಅವಳು ಕೂಗಾಡಲಿಲ್ಲ. ದೇವಿಯ ಭುಜವನ್ನೇ ನೋಡುತ್ತಿದ್ದಳು. "ಹಿಟ್ಟು ಹಾಕದಿದ್ರೆ ಯಾವುದು ಬೀಳ್ತಿತ್ತು ಅಕ್ಕ?" ಅಂದಳು.

"ಗೊತ್ತಿಲ್ಲ ವಿನುತಾ."

"ಹಾಗಾದ್ರೆ ಇವತ್ತು ಸರಿಯಾಗಿ ಕೇಳಿ."

"ಇಲ್ಲ, ನಾನು ಕೇಳುದಿಲ್ಲ. ಇನ್ನು ಯಾವತ್ತೂ ಕೇಳುದಿಲ್ಲ. ನೀನೇ ಹೇಳು. ನಿಂಗೆ ಹೋಗ್ಬೇಕು ಅಂತ ಉಂಟಾ?"

ಓದಿದ ಪೆದ್ದಿಯೆಂದು ಇಷ್ಟು ವರ್ಷ ನಾನು ತಾತ್ಸಾರ ಮಾಡಿದ ಆ ಮುಖದಲ್ಲಿ ಉತ್ತರಕ್ಕಾಗಿ ಹುಡುಕಿದೆ. ಅವಳೂ ಹುಡುಕುತ್ತಿದ್ದಳು.

"ಗೊತ್ತಾಗುದಿಲ್ಲ ಅಕ್ಕ," ಅಂದಳು. "ಆಗ ಗೊತ್ತಿತ್ತು."