ಗೊಂಬೆಗೆ ಕಾಲು ತಾಗಿದಾಗ

ಗೊಂಬೆಗೆ ಕಾಲು ತಾಗಿದ್ದೇ ತಡ, ಮಾದೇವಿಯಕ್ಕ ಬಗ್ಗಿ ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡರು. ಎಲ್ಲರೂ ನಕ್ಕೆವು. ನಾನು ತುಸು ಜೋರಾಗಿಯೇ ನಕ್ಕೆ.

ಕುಮಟಾದ ನಮ್ಮ ಕಚೇರಿಯಲ್ಲಿ ಅಂದು ಸಿಬ್ಬಂದಿಗೆ ಪ್ರಥಮ ಚಿಕಿತ್ಸೆಯ ತರಬೇತಿ. ಹೃದಯ ನಿಂತವರ ಎದೆ ಒತ್ತುವುದು ಹೇಗೆಂದು ಹೊನ್ನಾವರದಿಂದ ಬಂದ ನರ್ಸ್ ಒಬ್ಬರು ರಬ್ಬರ್ ಗೊಂಬೆಯನ್ನು ನೆಲದಲ್ಲಿ ಮಲಗಿಸಿ ಕಲಿಸುತ್ತಿದ್ದರು. ನನ್ನ ಸರದಿ ಮುಗಿದಿತ್ತು. ಪ್ಯಾಂಟು ಕೊಳೆಯಾಗದಂತೆ ಕುಕ್ಕರುಗಾಲಲ್ಲಿ ಕೂತು, ನಾಲ್ಕು ಸಲ ಒತ್ತಿ, ಫೋಟೊ ತೆಗೆಸಿಕೊಂಡು ಎದ್ದಿದ್ದೆ.

“ಅದು ಬರೀ ಗೊಂಬೆ, ಅಕ್ಕಾ,” ಎಂದರು ನರ್ಸ್.

ಕಚೇರಿಯ ಕಸ ಗುಡಿಸುವ ಮಾದೇವಿಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಮಂಡಿಯೂರಿದರು. “ಗೊತ್ತದೆ ಅಕ್ಕೋರೆ. ಹೋದ್ ವರ್ಷ ಮ್ಯಾನೇಜರ್ ಸಾಹೇಬ್ರ ಜೀವ ಹೋದದ್ದೂ ಇಲ್ಲೇ ಅಲ್ವಾ? ಎಂತ ಮಾಡೂದು ಅಂತ ಗೊತ್ತಿಲ್ದೆ ನಾವೆಲ್ಲಾ ಸುತ್ತ ನಿಂತ್ಕಂಡು ನೋಡ್ದ್ವಿ.”

ನಗು ನಿಂತಿತು. ಅವರು ಗಟ್ಟಿಯಾಗಿ ಎಣಿಸುತ್ತ ಒತ್ತತೊಡಗಿದರು. ಮೂವತ್ತರವರೆಗೂ ಪ್ರತಿ ಎಣಿಕೆಗೂ ಅವರ ಬಳೆ ಸದ್ದು ಮಾಡುತ್ತಿತ್ತು.

ಹೋದ ವರ್ಷ ಮ್ಯಾನೇಜರ್ ಕುಸಿದಾಗ ಅವರಿಗೆ ಎಲ್ಲರಿಗಿಂತ ಹತ್ತಿರವಿದ್ದವನು ನಾನು. ತರಬೇತಿ ಮುಗಿದು ಮಿಕ್ಕವರು ಚಹಾಕ್ಕೆ ಎದ್ದುಹೋದ ಮೇಲೆ, ಶೂ ಕಳಚಿಟ್ಟು, ಗೊಂಬೆಯ ಪಕ್ಕ ಎರಡೂ ಮಂಡಿಯೂರಿ ಒಂದರಿಂದ ಎಣಿಸತೊಡಗಿದೆ.