ಆದಿನಾರಾಯಣಪ್ಪನವರ ದೋಣಿ ಮೋಟಾರು

ಕೋಡಿಪಾಳ್ಯದ ಆದಿನಾರಾಯಣಪ್ಪನವರಿಗೆ ಲೋಕದಲ್ಲಿ ಮೆಚ್ಚುಗೆಯಾದ ಮನುಷ್ಯ ಒಬ್ಬನೇ. ಅವನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಸಿಗುತ್ತಿದ್ದ. ಉಳಿದವರ ವಿಷಯದಲ್ಲಿ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಡೇರಿ ಕಾರ್ಯದರ್ಶಿ ಕಳ್ಳ, ಪಂಚಾಯಿತಿ ಸದಸ್ಯರು ಹೆಬ್ಬೆಟ್ಟು, ಪಕ್ಕದ ಮಧುರೆಯ ಕಡೆ ಸೈಟು ಹುಡುಕಿಕೊಂಡು ಬರುವ ಬೆಂಗಳೂರಿನವರು ಶುದ್ಧ ಬೆಪ್ಪರು. ತಾವು ಯಾವುದೋ ಕಾಲದಲ್ಲಿ ಒಂದು ಅವಧಿಗೆ ಪಂಚಾಯಿತಿ ಉಪಾಧ್ಯಕ್ಷರಾಗಿದ್ದದ್ದನ್ನು ಮನೆಯ ಮುಂದಿನ ಫಲಕದಲ್ಲಿ ಬರೆಸಿದ್ದರು. ‘ಮಾಜಿ’ ಎಂಬ ಪದ ಅಲ್ಲಿ ಇತ್ತು. ಕಣ್ಣು ಚೆನ್ನಾಗಿದ್ದವರಿಗೆ ಕಾಣುತ್ತಿತ್ತು.

ಊರ ಕೆರೆ ಇಪ್ಪತ್ತು ವರ್ಷ ಒಣಗಿ ಬಿದ್ದಿದ್ದಾಗ ಆದಿನಾರಾಯಣಪ್ಪನವರು ಅದರ ಮೇಲೆ ಕರುಣೆಯಿಟ್ಟು, ಕೆರೆಯಂಗಳದ ಬಲಬದಿಯಲ್ಲಿ ಒಂದೂವರೆ ಎಕರೆಗೆ ಕಲ್ಲುಕೂಚ ನೆಟ್ಟು, ಮುಳ್ಳುತಂತಿ ಎಳೆಸಿ, ಸೀಮೆಹುಲ್ಲು ಬೆಳೆಸಿಕೊಂಡಿದ್ದರು. ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಕೇಳಿರಲಿಲ್ಲ. ಆದರೆ ಹಿಂದಿನ ಮುಂಗಾರು ಯಾರ ಮುಲಾಜನ್ನೂ ನೋಡದೆ ಸುರಿದು ಕೆರೆ ಕೋಡಿ ಬಿತ್ತು. ಹುಲ್ಲು, ಕೂಚ, ತಂತಿ ಎಲ್ಲ ನೀರಿನಡಿ ಹೋದವು. ನೀರು ಇಳಿಯುತ್ತಲೇ ಕೆರೆಯ ಸರ್ವೇ ಮಾಡಿಸುತ್ತೇನೆಂದು ಹೊಸ ತಹಶೀಲ್ದಾರ್ ಮೇಡಂ ಹೇಳಿದ್ದಾರೆಂಬ ಸುದ್ದಿ ಅದರ ಹಿಂದೆಯೇ ಬಂತು. ಆದಿನಾರಾಯಣಪ್ಪನವರಿಗೆ ಊಟ ರುಚಿಸದಾಯಿತು. ಜಮೀನು ಅವರದಲ್ಲ, ನಿಜ. ಆದರೆ ಇಷ್ಟು ವರ್ಷ ಅನುಭವಿಸಿದ್ದನ್ನು ಅವರದಲ್ಲ ಎನ್ನುವುದಕ್ಕೆ ಒಂದು ದಾಕ್ಷಿಣ್ಯ ಬೇಡವೇ?

ಕೆರೆ ತುಂಬಿದರೆ ನಡುನೀರಿಗೆ ಹೋಗಿ ಬಾಗಿನ ಬಿಡುವುದು ಊರಿನ ಪದ್ಧತಿ. ಈ ಸಲ ಬಿಡುವವರು ಅದೇ ಮೇಡಂ. ಹರಿಗೋಲಿನಲ್ಲಿ ಕೂತರೆ ತಲೆ ತಿರುಗುತ್ತದೆ, ಬೇರೇನಾದರೂ ಇದೆಯೇ ಎಂದು ಅವರು ವಿಚಾರಿಸಿದ್ದರು. ಆದಿನಾರಾಯಣಪ್ಪನವರ ಬಳಿ ದೋಣಿಯಿತ್ತು. ನೀರು ಬಂದ ಕೂಡಲೇ ಮೀನಿನ ಗುತ್ತಿಗೆ ಹಿಡಿದು, ಪುಟ್ಟದೊಂದು ಫೈಬರ್ ದೋಣಿ ತರಿಸಿದ್ದರು. ಹುಟ್ಟು ಹಾಕುವವನು ಬೈರಪ್ಪ. ತೊಡಕು ಅಲ್ಲೇ ಇತ್ತು. ಬೈರಪ್ಪನಿಗೆ ಎರಡು ಕಿವಿ, ಒಂದು ಬಾಯಿ, ಸಂಜೆ ಕೂರಲು ಅರಳಿಕಟ್ಟೆ. ನಡುನೀರಲ್ಲಿ ಮೇಡಂಗೆ ಗುಟ್ಟಾಗಿ ಎರಡು ಮಾತು ಹೇಳಬೇಕೆಂದರೆ ದೋಣಿಯಲ್ಲಿ ತಾವಿಬ್ಬರೇ ಇರಬೇಕು. ಅಂದರೆ ದೋಣಿಗೆ ಮೋಟಾರು ಬೇಕು.

ಯಲಹಂಕದ ಕಡೆ ಶ್ರೀಧರ್ ಎಂಬವನ ಅಂಗಡಿಯಲ್ಲಿ ಹಳೆಯ ಸಾಮಾನು ಸಿಗುತ್ತಿತ್ತು. ಗ್ರಾಮಫೋನು, ಹಡಗಿನ ಲಾಟೀನು, ಯಾರದೋ ತಾತನ ಆರಾಮ ಕುರ್ಚಿ, ಹೀಗೆ. ಶ್ರೀಧರನ ತಲೆಯ ಹಿಂದಿನ ಜುಟ್ಟನ್ನು ನೋಡಿದ ಕೂಡಲೇ ಆದಿನಾರಾಯಣಪ್ಪನವರು ಅವನ ಯೋಗ್ಯತೆಯನ್ನು ತೀರ್ಮಾನಿಸಿಬಿಟ್ಟರು.

“ಇದು ವಿಂಟೇಜ್ ಸರ್, ಎಪ್ಪತ್ತರ ದಶಕದ್ದು. ಎಂಜಿನ್ ಬಿಚ್ಚಿ ರೆಡಿ ಮಾಡ್ಸಿದೀನಿ,” ಎಂದು ಶ್ರೀಧರ್ ಒಂದು ಸಣ್ಣ ಮೋಟಾರನ್ನು ತೋರಿಸಿದ.

“ಎಷ್ಟು ಎಚ್‌ಪಿ?”

“ನಾಲ್ಕು.”

“ಥೂ! ನಮ್ ಬೋರಿಗೇ ಹನ್ನೆರಡೂವರೆ ಎಚ್‌ಪಿ ಬಿಟ್ಟಿದೀನಿ ಕಣಯ್ಯಾ. ನಾಲ್ಕರಲ್ಲಿ ಮಜ್ಜಿಗೆ ಕಡೀಬೋದು ಅಷ್ಟೆ.”

“ಹದಿನೈದರದ್ದೂ ಒಂದಿದೆ. ಆದ್ರೆ ನಿಮ್ ದೋಣಿ ಚಿಕ್ಕದು ಅಂದ್ರಲ್ಲ ಸರ್...”

“ದೋಣಿ ಚಿಕ್ಕದಿರಬೋದು. ಕೂತ್ಕೊಳೋನು ಚಿಕ್ಕೋನಲ್ಲ.”

ಶ್ರೀಧರ್ ದೊಡ್ಡದನ್ನೇ ಇಳಿಸಿದ. ಮಾಸಿದ ನೀಲಿ ಬಣ್ಣದ, ಮೂಗು ಉದ್ದವಾದ, ಎಮ್ಮೆಕರುವಿನಷ್ಟು ಭಾರದ ಯಂತ್ರ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕೆಂದ. “ಇನ್ನೊಂದು ಸರ್. ಈ ಹಿಡೀನ ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ ಹೋಗತ್ತೆ. ಉಲ್ಟಾ. ಅಭ್ಯಾಸ ಆಗೋವರ್ಗೂ...”

“ಲೇ, ಮೀಸೆ ಬರಕ್ ಮುಂಚಿಂದ ಟ್ರ್ಯಾಕ್ಟರ್ ಹೊಡೀತಿರೋನು ನಾನು. ನಂಗೆ ಎಡ ಬಲ ಹೇಳ್ಕೊಡ್ತೀಯ?”

ಮನೆಗೆ ತಂದು ದನದ ತೊಟ್ಟಿಯ ಅಂಚಿಗೆ ಕಚ್ಚಿಸಿ, ಹಗ್ಗ ಎಳೆದರು. ಮೊದಲು ಕೆಮ್ಮಿತು. ಆಮೇಲೆ ಒದರಿತು. ತೊಟ್ಟಿಯ ನೀರೆಲ್ಲ ಮೇಲೆದ್ದು ಅಂಗಳದಲ್ಲಿ ಒಣಗುತ್ತಿದ್ದ ರಾಗಿಯ ಮೇಲೆ ಬಿತ್ತು. ಸೀಮೆಹಸು ಹಗ್ಗ ಕಿತ್ತುಕೊಂಡು ರಸ್ತೆಗೆ ಓಡಿತು. ಆದಿನಾರಾಯಣಪ್ಪನವರಿಗೆ ಪರಮಾನಂದ.

ಹೆಂಡತಿ ಮುನಿಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, “ತೊಟ್ಟೀಲಿ ಸರಿ. ಕೆರೇಲಿ ಒಂದ್ಸಲ ಓಡ್ಸಿ ನೋಡ್ಬಾರ್ದಾ?” ಎಂದರು.

“ಪೂಜೆ ಆಗದಿರೋ ಗಾಡೀನ ಯಾರಾದ್ರೂ ಓಡಿಸ್ತಾರೇನೆ? ಬಾಗಿನದ ದಿನ ಪೂಜಾರಪ್ಪ ನಿಂಬೆಹಣ್ಣು ಇಟ್ಟ ಮೇಲೇನೆ ಇದು ನೀರಿಗಿಳಿಯೋದು.”

“ನಿಮ್ಗೆ ಈಜು ಬರಲ್ಲ. ಅದ್ಕೆ ಹೇಳ್ದೆ.”

“ಮೋಟಾರ್ ಇರೋನಿಗೆ ಈಜು ಯಾಕೆ?”

ಬಾಗಿನದ ದಿನ ಕೆರೆಯ ಏರಿಯ ಮೇಲೆ ಊರೇ ನೆರೆದಿತ್ತು. ಪೂಜಾರಪ್ಪ ಮೋಟಾರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಹಾಕಿದರು. ನಿಂಬೆಹಣ್ಣನ್ನು ಚಕ್ರದಡಿ ಇಡಬೇಕಲ್ಲ, ಇದಕ್ಕೆ ಚಕ್ರವೆಲ್ಲಿ? ಸ್ವಲ್ಪ ಹೊತ್ತು ಚರ್ಚೆಯಾಗಿ, ಕೊನೆಗೆ ನೀರು ತಳ್ಳುವ ರೆಕ್ಕೆಗೆ ಸಿಕ್ಕಿಸಿದರು. ಮೇಡಂ ತೇಲುಜಾಕೀಟು ತೊಟ್ಟು, ಬಾಗಿನದ ಮೊರ ಹಿಡಿದು ದೋಣಿಯ ಮುಂದೆ ಕೂತರು. ಆದಿನಾರಾಯಣಪ್ಪನವರು ಇಸ್ತ್ರಿ ಬಿಳಿ ಅಂಗಿಯಲ್ಲಿ ಹಿಂದೆ. ಪೂಜಾರಪ್ಪನವರನ್ನು ಕೂರಿಸಿಕೊಂಡ ಬೈರಪ್ಪನ ಹರಿಗೋಲು ಪಕ್ಕದಲ್ಲಿ.

“ನೀನು ಆ ಬಿದಿರು ಬುಟ್ಟೀಲಿ ನಿಧಾನಕ್ಕೆ ಬಾರಪ್ಪ. ನಾವು ಹೋಗಿ ಬಂದ್ಬಿಟ್ಟಿರ್ತೀವಿ,” ಎಂದರು ಆದಿನಾರಾಯಣಪ್ಪನವರು.

“ಆಗ್ಲಿ ಕಣಣ್ಣ,” ಎಂದ ಬೈರಪ್ಪ.

ಮೋಟಾರು ಒದರಿತು. ಭಾರಕ್ಕೆ ದೋಣಿಯ ಹಿಂಭಾಗ ಕುಸಿದು, ಮೇಡಂ ಕೂತಿದ್ದ ಮುಂಭಾಗ ಮೇಲೆದ್ದಿತು. ಏರಿಯ ಜನ ಶಿಳ್ಳೆ ಹೊಡೆದರು. ಸ್ವಲ್ಪ ದೂರ ಹೋಗುತ್ತಲೇ ಆದಿನಾರಾಯಣಪ್ಪನವರು ಗುಟ್ಟಿನ ಮಾತು ಶುರು ಮಾಡಿದರು. ಆದರೆ ಆ ಗದ್ದಲದಲ್ಲಿ ಗುಟ್ಟನ್ನು ಕೂಗಿಯೇ ಹೇಳಬೇಕಿತ್ತು.

“ಮೇಡಂ! ಸರ್ವೇ ವಿಷ್ಯ!”

“ಏನು? ಕೇಳಿಸ್ತಿಲ್ಲ!”

“ಸರ್ವೇ! ಸರ್ವೇ!”

“ಕರವೇ?”

ಅಷ್ಟರಲ್ಲಿ ದೋಣಿ ಬಲಕ್ಕೆ ಸರಿಯುತ್ತಿರುವುದು ಕಂಡಿತು. ಬಲಕ್ಕೆ ಏನಿದೆಯೆಂಬುದು ಊರಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಹಿಡಿಯನ್ನು ಎಡಕ್ಕೆ ತಳ್ಳಿದರು. ದೋಣಿ ಇನ್ನಷ್ಟು ಬಲಕ್ಕೆ ತಿರುಗಿತು. ಟ್ರ್ಯಾಕ್ಟರ್ ಹೊಡೆದ ತೋಳಿನ ಬಲವನ್ನೆಲ್ಲ ಹಾಕಿ ಎಡಕ್ಕೆ ಒತ್ತಿದರು. ದೋಣಿ ಒತ್ತಿದಷ್ಟೂ ಬಲಕ್ಕೆ ನುಗ್ಗಿತು. ನೀರಿನಡಿ ಕರಕರ ಸದ್ದಾಯಿತು, ಮೋಟಾರು ಒಂದು ಸಲ ಬಿಕ್ಕಿ ನಿಂತುಹೋಯಿತು. ಮೇಡಂ ಮೊರವನ್ನು ಎದೆಗೆ ಅವುಚಿಕೊಂಡರು. ದೋಣಿ ಅಲುಗಲಿಲ್ಲ. ರೆಕ್ಕೆಗೆ ಮುಳ್ಳುತಂತಿ ಸುತ್ತಿಕೊಂಡಿತ್ತು. ಗೇಣುದೂರದಲ್ಲಿ, ನೀರಿನ ತೆಳು ಪದರದ ಕೆಳಗೆ, ಹಸಿರು ಬಣ್ಣ ಬಳಿದ ಕಲ್ಲುಕೂಚದ ತಲೆ ಕಾಣುತ್ತಿತ್ತು.

ಹರಿಗೋಲು ಬಂದು ಪಕ್ಕಕ್ಕೆ ತಾಗಿತು. ಏರಿಯ ಮೇಲಿನ ಜನ ಅಂಚಿಗೆ ಬಂದು ಕಿವಿಗೊಟ್ಟರು. ಮೋಟಾರು ನಿಂತ ಮೇಲೆ ನೀರಿನ ಮೇಲಾಡಿದ ಮಾತು ಅಲ್ಲಿಗೆ ನೆಟ್ಟಗೆ ಕೇಳುತ್ತಿತ್ತು.

“ಕೆರೆಯೊಳಗೆ ಬೇಲಿ!” ಎಂದರು ಮೇಡಂ. “ಯಾರದ್ದು ಆದಿನಾರಾಯಣಪ್ಪನೋರೆ?”

ಆದಿನಾರಾಯಣಪ್ಪನವರು ಬೇಲಿಯನ್ನು ಮೊದಲ ಸಲ ನೋಡಿದವರಂತೆ ನೋಡಿದರು. ತಮ್ಮದು ಎಂದರೆ ಮಾನ ಹೋಗುತ್ತದೆ. ತಮ್ಮದಲ್ಲ ಎಂದರೆ ಜಮೀನು ಹೋಗುತ್ತದೆ.

“ಯಾರೋ ಲಫಂಗ್ರು ಹಾಕಿರ್ಬೇಕು ಮೇಡಂ.”

“ನಿಮ್ಮನೆ ಗೇಟಿನ್ ಬಣ್ಣಾನೇ ಐತಲ್ಲಣ್ಣಾ,” ಎಂದ ಬೈರಪ್ಪ, ಬಹಳ ವಿನಯದಿಂದ.

“ಹಸಿರು ಬಣ್ಣ ನಮ್ಮಪ್ಪಂದೇನ್ಲಾ? ಕುಯ್ದು ಬಿಸಾಕು ಮೊದ್ಲು.”

“ಕುಯ್ಲಾ? ಆಮ್ಯಾಕೆ ಯಾರಾದ್ರೂ ಕೇಳಿದ್ರೆ?”

“ಯಾವನ್ಲಾ ಕೇಳೋನು? ನಾನು ಹೇಳ್ತಿದೀನಿ, ಕುಯ್ಯಿ!”

ಬಲೆ ಬಿಡಿಸಲೆಂದು ಇಟ್ಟಿದ್ದ ಇಕ್ಕಳದಿಂದ ಬೈರಪ್ಪ ತಂತಿ ತುಂಡರಿಸತೊಡಗಿದ. ಆತ ಇನ್ನೊಂದು ಬದಿಗೆ ಹರಿಗೋಲನ್ನು ತಿರುಗಿಸುವಾಗ ಆದಿನಾರಾಯಣಪ್ಪನವರು ಗಾಬರಿಯಲ್ಲಿ, “ಅಲ್ಲಿ ಬೇಡ, ಅಲ್ಲಿ ಮೂಲೆ ಕೂಚ ಐತೆ!” ಎಂದುಬಿಟ್ಟರು. ಮೇಡಂ ತಿರುಗಿ ಅವರ ಮುಖ ನೋಡಿದರು. ತಲೆ ತಿರುಗುವುದನ್ನು ಮರೆತು ಹರಿಗೋಲಿಗೆ ದಾಟಿಕೊಂಡು, ನಡುನೀರಿಗೆ ಹೋಗಿ ಬಾಗಿನ ಬಿಟ್ಟು ಬಂದರು.

ಏರಿಯ ಮೇಲಿನ ಸಭೆಯಲ್ಲಿ ಮೇಡಂ ಅವರದು ಚಿಕ್ಕ ಭಾಷಣ. “ಒತ್ತುವರಿ ಬಿಡಿಸೋಕೆ ಹೋದ್ರೆ ಜಗಳಕ್ಕೆ ಬರೋರೇ ಜಾಸ್ತಿ. ಈ ಊರಲ್ಲಿ ಆದಿನಾರಾಯಣಪ್ಪನವರು ತಾವೇ ನನ್ನನ್ನು ದೋಣೀಲಿ ಕರ್ಕೊಂಡು ಹೋಗಿ ಒತ್ತುವರಿ ತೋರಿಸಿ, ಬೇಲಿ ಕೀಳಿಸಿ ಅಂದ್ರು. ನೀರು ಇಳಿದ ಕೂಡ್ಲೇ ಅಷ್ಟನ್ನೂ ಕೆರೆಗೆ ಸೇರಿಸ್ತೀವಿ. ಅವರಿಗೊಂದು ಚಪ್ಪಾಳೆ.”

ಊರು ಚಪ್ಪಾಳೆ ತಟ್ಟಿತು. ಅಂಥ ಚಪ್ಪಾಳೆ ಕೋಡಿಪಾಳ್ಯದಲ್ಲಿ ಹಿಂದೆಂದೂ ಆಗಿರಲಿಲ್ಲ. ಬೈರಪ್ಪನಂತೂ ಕೈ ನೋಯುವವರೆಗೆ ತಟ್ಟಿದ. ತಮಗೆಂದು ತಂದಿದ್ದ ಶಾಲನ್ನು ಮೇಡಂ ಆದಿನಾರಾಯಣಪ್ಪನವರಿಗೇ ಹೊದಿಸಲು ಬಂದರು. ಒಂದೂವರೆ ಎಕರೆ ಕಳೆದುಕೊಂಡ ಆದಿನಾರಾಯಣಪ್ಪನವರು ಎದ್ದು ನಿಂತು, ಬೆವರಿನಲ್ಲಿ ಒದ್ದೆಯಾದ ಅಂಗಿಯ ಕಾಲರನ್ನು ಸರಿಮಾಡಿಕೊಂಡು, ಶಾಲಿಗೆ ಅನುಕೂಲವಾಗಲೆಂದು ಕತ್ತು ಬಗ್ಗಿಸಿ, ಫೋಟೋ ತೆಗೆಯುವವನ ಕಡೆಗೆ ಮುಖವನ್ನು ಸ್ವಲ್ಪ ಓರೆ ಮಾಡಿದರು. ಮುಗುಳ್ನಕ್ಕರು ಕೂಡ.